ಸುಮಿತ್ರಕ್ಕನ ಸದ್ದಿಲ್ಲದ ನಗು

ಸುಮಿತ್ರಕ್ಕ ನಕ್ಕರೆ ಸದ್ದು ಬರುತ್ತಿರಲಿಲ್ಲ. ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಹೆಗಲು ಕುಣಿಯುತ್ತಿತ್ತು, ಪಕ್ಕದಲ್ಲಿ ಕೂತವರ ತೊಡೆಗೆ ರಪ್ಪೆಂದು ಏಟು ಬೀಳುತ್ತಿತ್ತು. ಬಾಯಿಂದ ಮಾತ್ರ ಏನೂ ಹೊರಡುತ್ತಿರಲಿಲ್ಲ. ಇಂಥವರನ್ನು ನಾವು ವಡೋದರಾದ ಕನ್ನಡಿಗರು ನಗುವುದಕ್ಕೆಂದೇ ರೇಡಿಯೊಗೆ ಕರೆತಂದೆವು.

ರೇಡಿಯೊ ಎಂದರೆ ನಾವು ಕೆಲವರು ಸೇರಿ ಇಂಟರ್ನೆಟ್ಟಿನಲ್ಲಿ ನಡೆಸುತ್ತಿದ್ದದ್ದು. ಮಕರಪುರದ ನನ್ನ ಬಾಡಿಗೆ ಮನೆಯೇ ಸ್ಟುಡಿಯೊ. ಹೊರಗಿನ ಸದ್ದು ಬಾರದಂತೆ ಕಿಟಕಿಗೆ ಹಾಸಿಗೆ ಒರಗಿಸಿದರೆ ಮುಗಿಯಿತು. ಭಾನುವಾರ ನಾಲ್ವರು ಗಂಡಸರು ಮೈಕಿನ ಮುಂದೆ ಕೂತು ಹಾಸ್ಯದ ಹರಟೆ ಹೊಡೆಯುತ್ತಿದ್ದರು, ನಾನು ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡುತ್ತಿದ್ದೆ. ನಿರೂಪಕರು ಮೈಸೂರಿನ ಮೂರ್ತಿಯವರು, ಬ್ಯಾಂಕ್ ಮ್ಯಾನೇಜರು. ನಿಮ್ಮಲ್ಲಿ ಹೆಂಗಸರೇ ಇಲ್ಲವೇ ಎಂದು ಯಾರೋ ಕೇಳಿದ ಮೇಲೆ ಅವರು, "ಒಬ್ಬರು ಲೇಡಿ ಇರಲಿ. ಮಾತು ಬೇಡ, ನಗ್ತಾ ಇದ್ರೆ ಕಳೆ ಬರತ್ತೆ" ಎಂದರು. ರೈಲ್ವೆ ಕಚೇರಿಯಲ್ಲಿದ್ದ ಗದಗಿನ ಸುಮಿತ್ರಕ್ಕ ಬಂದದ್ದು ಹಾಗೆ.

ಅಂದಿನ ವಿಷಯ ಹೆಂಡತಿಯ ಅಡುಗೆ. ಮೂರ್ತಿಯವರು ಕಲ್ಲಿನಂಥ ಇಡ್ಲಿಯ ಜೋಕು ಹೇಳಿದರು. ಗಂಡಸರು ನಕ್ಕರು. ನನ್ನ ಹೆಡ್‌ಫೋನಿನಲ್ಲಿ ರಪ್ ರಪ್ ಎಂಬ ಸದ್ದೊಂದು ಕೇಳಿಸಿತು, ಅಷ್ಟೆ.

"ಅಕ್ಕಾ, ಸ್ವಲ್ಪ ನಗಿ" ಎಂದರು ಮೂರ್ತಿಯವರು.

"ನಗಾಕತ್ತೇನಲ್ರಿ."

"ಕೇಳಿಸ್ತಿಲ್ಲವಲ್ಲ."

"ಕೇಳಿಸಬೇಕಂದ್ರ ಮಾತಾಡಬೇಕಾಕ್ಕೈತಿ. ಮಾತಾಡ್ಲೇನು?"

ಉತ್ತರಕ್ಕೆ ಕಾಯದೆ ಮೈಕನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ನಮ್ಮನಿಯವರು ಒಮ್ಮೆ ಸಾರು ಮಾಡಿದ್ರು. ಫಾಲೂದಾಕ್ಕ ಅಂತ ತಂದಿಟ್ಟ ಕಾಮಕಸ್ತೂರಿ ಬೀಜ ಸಾಸಿವಿ ಅಂತ ತಿಳದು ಸಾರಿಗೆ ಸುರದ್ರು. ಅವು ಉಬ್ಬಿ ಉಬ್ಬಿ ಕಪ್ಪಿ ಇಟ್ಟ ತತ್ತಿ ಹಂಗ ಆದ್ವು. ಬಂದ ಮಂದಿಗೆ ಇದು ಗುಜರಾತಿ ಪದ್ಧತಿ ಅಂತ ಬಡಿಸಿದ್ರು. ಮಂದಿ ಹೊಗಳಿ ಹೊಗಳಿ ಉಂಡ್ರು. ನಾ ದಿನಾ ಮಾಡೂ ಸಾರಿಗೆ ಒಬ್ರೂ ಹೊಗಳಿಲ್ಲ ನೋಡ್ರಿ."

ಮೂರ್ತಿಯವರು ಕುಡಿಯುತ್ತಿದ್ದ ಚಹಾ ಮೂಗಿಗೆ ಹತ್ತಿತು. ರೆಕಾರ್ಡಿಂಗ್ ಮುಗಿದ ಮೇಲೆ ಅವರು ನನ್ನನ್ನು ಅಡುಗೆಮನೆಗೆ ಕರೆದು, "ಅಕ್ಕನ ಮಾತು ಸ್ವಲ್ಪ ಕತ್ತರಿಸಪ್ಪ, ಜಾಸ್ತಿ ಆಯ್ತು" ಎಂದರು.

"ಕತ್ತರಿಸಿದ್ರೆ ನಿಮ್ಮ ಇಡ್ಲಿ ಒಂದೇ ಉಳಿಯತ್ತೆ ಸರ್" ಎಂದೆ.

ಮುಂದಿನ ವಾರ ಸುಮಿತ್ರಕ್ಕ ತಮ್ಮ ಪಕ್ಕದ ಫ್ಲ್ಯಾಟಿನ ಪುಷ್ಪಾಳನ್ನೂ ಕರೆತಂದರು. ಕುಂದಾಪುರದ ಹುಡುಗಿ, ಔಷಧ ಕಂಪನಿಯಲ್ಲಿ ಕೆಲಸ, ಬಾಯಿ ಬಲು ಚುರುಕು. ಮೂರ್ತಿಯವರು ಬಾಗಿಲಲ್ಲೇ ತಡೆದರು. "ಆಗಲೇ ಒಬ್ಬರು ಲೇಡಿ ಇದ್ದೀರಲ್ಲ."

"ಅದೀನಿ. ನೀವು ನಾಕು ಮಂದಿ ಅದೀರಿ. ಗಂಡಸರಾಗ ಒಬ್ರು ಸಾಲೂದಿಲ್ಲೇನು?"

ಮೂರ್ತಿಯವರು ಕನ್ನಡಕ ಒರೆಸಿಕೊಂಡರು. ಇನ್ನೊಂದು ಕುರ್ಚಿ ಬಂತು. ಆ ದಿನದ ವಿಷಯ ಹೆಂಗಸರ ಸೀರೆ ಹುಚ್ಚು. ಮಾತು ಶುರುವಾಗುತ್ತಿದ್ದಂತೆ ಸುಮಿತ್ರಕ್ಕ ಕೇಳಿದರು: "ಸೂರತ್‌ನಾಗ ಸೀರಿ ಆರಿಸ್ಕೋತ ನಿಂತು ರೈಲು ತಪ್ಪಿಸಿಕೊಂಡವರು ಯಾರ್ರಿ ಮೂರ್ತಿಯವರ?"

"ನನ್ನ ಹೆಂಡ್ತಿ ಹೇಳಿದಳಾ?"

"ಅವರು ಸ್ಟೇಷನ್ನಿನಾಗ ಸಾಮಾನು ಕಾಯ್ಕೋತ ಕುಂತಿದ್ರಂತ."

ನಾಚಿ ಕೆಂಪಾದ ಮೂರ್ತಿಯವರು ಎಲ್ಲರಿಗಿಂತ ಹೆಚ್ಚು ನಕ್ಕರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತು. ವರ್ಷ ಕಳೆಯುವಷ್ಟರಲ್ಲಿ ಹರಟೆಯಲ್ಲಿ ಮೂವರು ಹೆಂಗಸರು, ಮೂವರು ಗಂಡಸರು ಕೂರುತ್ತಿದ್ದರು. ವಾರ ಬಿಟ್ಟು ವಾರ ನಿರೂಪಣೆ ಪುಷ್ಪಾಳದು.

ಅಷ್ಟರಲ್ಲಿ ಸುಮಿತ್ರಕ್ಕನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಬೀಳ್ಕೊಡಲು ಎಲ್ಲರೂ ಸ್ಟೇಷನ್ನಿಗೆ ಹೋದೆವು. ಮೂರ್ತಿಯವರು ಭಾಷಣ ಬರೆದು ತಂದಿದ್ದರು. ಕಿಟಕಿಯ ಬಳಿ ನಿಂತು "ಹಾಸ್ಯವೆಂಬುದು" ಎಂದು ಶುರುಮಾಡಿ ಹಾಳೆ ಮಗುಚುವಷ್ಟರಲ್ಲಿ ರೈಲು ಹೊರಟಿತು. ಅವರು ಓದುತ್ತಲೇ ಜೊತೆಗೆ ನಡೆದರು, ಆಮೇಲೆ ಓಡಿದರು. ಸುಮಿತ್ರಕ್ಕ ಕಿಟಕಿಯಿಂದ ಕೈಬೀಸಿ, "ಚೊಲೊ ಐತಿ, ಸ್ವಲ್ಪ ಉದ್ದ ಆತು" ಎಂದರು.

ರೈಲು ಮರೆಯಾದ ಮೇಲೆ ಮೂರ್ತಿಯವರು ಪ್ಲ್ಯಾಟ್‌ಫಾರ್ಮಿನ ತುದಿಯಲ್ಲಿ ನಿಂತು ಏದುಸಿರು ಬಿಡುತ್ತ ಉಳಿದರ್ಧವನ್ನು ನಮಗೇ ಓದಿದರು. ಯಾರೂ ತಡೆಯಲಿಲ್ಲ.