ಒಡಕು ಗಡಿಗೆಯ ಹಬ್ಬ

ಬಾಯಿಯವರ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಚಿಕ್ಕ ಹುಡುಗಿಯಾಗಿದ್ದಾಗಲೇ ಅವರ ಗಂಡ ಸತ್ತ. ಅತ್ತೆಮನೆಯವರಿಗೆ ಓಲೆ ತಿರುವಿ ಬಿಚ್ಚುವಷ್ಟೂ ಪುರುಸೊತ್ತಿರಲಿಲ್ಲವಂತೆ, ಜಗ್ಗಿಯೇ ತೆಗೆದರು. ಆ ಕಿವಿಯನ್ನು ಅವರು ಸೆರಗಿನಲ್ಲಿ ಮುಚ್ಚಿದವರಲ್ಲ. ನಾನು ದಿಟ್ಟಿಸಿದರೆ, "ಇತಿಹಾಸ ಕೇಳಾಕ ಹರಕ ಕಿವೀನ ಛಲೋ" ಎನ್ನುತ್ತಿದ್ದರು.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ದಿನಗಳು. ಗದಗಿನ ಕಡೆಯ ಅವರು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಅಲ್ಲಿ ಶಿಕ್ಷಕಿಯರಿಗೆಲ್ಲ ಬಾಯಿ ಎಂದೇ ಹೆಸರು. ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಮನೆಯ ಮೇಲಂತಸ್ತಿನಲ್ಲಿ ಒಬ್ಬರೇ ಇದ್ದರು. ಬೇಸಿಗೆಯಲ್ಲಿ ಸೊಂಟಕ್ಕೊಂದು ಉಳ್ಳಾಗಡ್ಡಿ ಸಿಕ್ಕಿಸಿಕೊಂಡು ಓಡಾಡುವರು, ಅಲ್ಲಿಯವರು ಲೂ ಎನ್ನುವ ಬಿಸಿಗಾಳಿ ಬಡಿಯಬಾರದೆಂದು. ಎದುರಾದವರಿಗೂ ಒಂದು ಕೊಟ್ಟೇ ಕಳಿಸುವರು. "ರಾಜ ಸತ್ತ ತಾರೀಖು ಯಾರರ ಹೇಳ್ತಾರ. ಅವನ ಹೇಣ್ತಿ ಆಮ್ಯಾಲ ಏನ್ ಉಂಡ್ಲು, ಅದನ್ನ ಹೇಳ್ರಿ" ಎನ್ನುವುದು ಅವರ ಪಾಠದ ರೀತಿ.

ಅವರಲ್ಲಿಗೆ ನಾನೂ ಪುಸ್ತಕಕ್ಕೆ ಹೋಗುತ್ತಿದ್ದೆ, ಮರಾಠಿಯ ಹುಡುಗನೊಬ್ಬನೂ ಬರುತ್ತಿದ್ದ. ಮೆಟ್ಟಿಲ ಮೇಲೆ ಶುರುವಾದದ್ದು ಮದುವೆಯ ಮಾತಿನವರೆಗೆ ಬಂದಿತ್ತು. ಬಾಯಿಯವರೊಬ್ಬರಿಗೆ ಗೊತ್ತಿತ್ತು. ಗೊತ್ತಿದೆಯೆಂದು ಅವರು ತೋರಿಸಿರಲಿಲ್ಲ, ಅಷ್ಟೇ.

ಆ ಮೇ ತಿಂಗಳು, ಊಟಕ್ಕೆ ಕೂತ ಅಪ್ಪ ಹೇಳಿದರು: "ಬಾಯಾರ ಹಂತೇಕ ಬರತಿದ್ನಲ್ಲ, ಆ ಹುಡುಗ ಲೂ ಬಡದು ಹೋದ್ನಂತ. ಪಾಪ. ಇನ್ನೊಂದ ಚಪಾತಿ ಹಾಕವಾ."

ಹಾಕಿದೆ. ಅಂದೇ ಸಂಜೆ ಹುಬ್ಬಳ್ಳಿಯ ಗಂಡಿನ ಕಡೆಯವರು ಬಂದರು, ಅವರಿಗೆ ಚಹಾ ಕೊಟ್ಟೆ. ಆಮೇಲೆ ಅನ್ನ ಒಳಗಿಳಿಯುವುದು ನಿಂತಿತು, ನಿದ್ದೆ ನಿಂತಿತು. ಕಣ್ಣೀರೊಂದು ಬರಲೇ ಇಲ್ಲ. ಸತ್ತರೆ ಸಾಕೆನಿಸಿತ್ತು. ಅವ್ವ ದೃಷ್ಟಿ ತೆಗೆದಳು. ಯಾವ ದೃಷ್ಟಿ, ಯಾರ ದೃಷ್ಟಿ!

ಬಾಯಿಯವರೇ ಮನೆಗೆ ಬಂದರು. "ಹುಡುಗೀನ್ನ ಒಂದ್ ವಾರ ಕಳಸ್ರಿ. ಇತಿಹಾಸದಾಗಿನ ಒಂದ್ ಹಬ್ಬ ಮಾಡೋದೈತಿ, ಹೆಣ್ಮಕ್ಕಳ ಹಬ್ಬ" ಎಂದರು. ಹಬ್ಬಕ್ಕೆ ಅವ್ವ ಎಂದಾದರೂ ಬೇಡವೆಂದಾಳೆಯೇ?

ಬಾಯಿಯವರ ಮಾಳಿಗೆಯ ಮೇಲೆ, ಗಚ್ಚಿಯ ನೆರಳಲ್ಲಿ ಒಡಕು ಗಡಿಗೆಗಳಿಗೆ ಮಣ್ಣು ತುಂಬಿ ಗೋಧಿ, ಮೆಂತ್ಯ ಬಿತ್ತಿದೆವು. ನೀರು ಹಾಕುತ್ತ ಬಾಯಿಯವರು ಹೇಳಿದ್ದು ಇದು: ಬಹಳ ಹಿಂದೆ ಗ್ರೀಸಿನಲ್ಲಿ ಪ್ರೇಮದ ದೇವತೆಯೊಬ್ಬಳಿದ್ದಳು. ಅವಳ ಪ್ರಿಯಕರ ಹರೆಯದಲ್ಲೇ ಸತ್ತ. ಅವನ ಸಲುವಾಗಿ ಆ ಊರ ಹೆಂಗಸರು ಬಿರುಬೇಸಿಗೆಯಲ್ಲಿ ಹೀಗೇ ಒಡಕು ಗಡಿಗೆಯಲ್ಲಿ ಬೀಜ ಹಾಕಿ ಮಾಳಿಗೆ ಹತ್ತುತ್ತಿದ್ದರು.

ಮೊಳಕೆ ಬೆರಳುದ್ದ ಬಂದ ದಿನ ಗಡಿಗೆಗಳನ್ನು ಬಿಸಿಲಿಗೆ ಎಳೆದಿಟ್ಟರು. ನಾಗಪುರದ ಬಿಸಿಲು! ಮಧ್ಯಾಹ್ನದೊಳಗೆ ಹಸಿರೆಲ್ಲ ಬಾಡಿ ತಲೆಬಾಗಿತು.

"ಬಾಯಾರ, ಸಾಯಾಕತ್ತಾವ್ರಿ!"

"ಸಾಯ್ಲಿ ಅಂತನ ಹಾಕೇವಿ. ಈಗ ಅಳು."

ನಾನು ಒಂದು ಗಡಿಗೆಯನ್ನು ನೆರಳಿಗೆ ಎಳೆಯಹೋದೆ. ಅವರು ನನ್ನ ರಟ್ಟೆ ಹಿಡಿದರು. "ಮಾರೀನೂ ನೆನಪಿಲ್ದಾಂವನ ಸಲುವಾಗಿ ನನ್ನ ಬಡದು ಬಡದು ಅಳಿಸಿದ್ರು. ನಿನಗ ನಿನ್ನಾಂವನ ಸಲುವಾಗಿ ಅಳಾಕ ಜಾಗಾ ಇಲ್ಲ. ಇದು ಅಳೂ ಹಬ್ಬ ಐತಿ, ಯಾರೂ ಕೇಳೂದಿಲ್ಲ. ಅಳು."

ಅತ್ತೆ. ಎಂಥ ಧ್ವನಿ ಹೊರಬಿತ್ತೆಂದರೆ ನನಗೇ ಹೆದರಿಕೆಯಾಯಿತು. ಅವನ ಹೆಸರು ಹಿಡಿದು ಕೂಗಿದೆ. ಕೆಳಗಿನ ಮನೆಯವಳು ಹೊರಗೆ ಬಂದು, "ಕಾಯ ಝಾಲಂ ಬಾಯೀ?" ಎಂದು ಕೇಳಿದಳು. ಏನಾಯಿತೆಂದು ಕೇಳಿದವಳಿಗೆ ಬಾಯಿಯವರು ಗೋಡೆಯ ಮೇಲಿಂದ ಬಾಗಿ, "ಸಣ ಆಹೇ, ಸಣ!" ಎಂದರು. ಹಬ್ಬವಂತೆ, ಹಬ್ಬ. ಅವರ ಗಲ್ಲವೂ ಒದ್ದೆಯಾಗಿತ್ತು.

ಸಂಜೆ ರಿಕ್ಷಾದಲ್ಲಿ ಗಡಿಗೆಗಳನ್ನು ಒಯ್ದು ಅಂಬಾಝರಿ ಕೆರೆಗೆ ಹಾಕಿದೆವು, ಗ್ರೀಸಿನ ಹೆಂಗಸರೂ ಕಡೆಗೆ ನೀರಿಗೇ ಹಾಕುತ್ತಿದ್ದರಂತೆ. ಮನೆಗೆ ಬಂದು ಎರಡು ತುತ್ತು ಉಂಡೆ. ದೃಷ್ಟಿ ಇಳಿಯಿತೆಂದು ಅವ್ವ ಹೆಮ್ಮೆಪಟ್ಟಳು.

ಹುಬ್ಬಳ್ಳಿಯ ಸೊಸೆಯಾಗಿ ಕೆಲವು ವರ್ಷ ಕಳೆದ ಮೇಲೆ, ತವರಿನ ಕಾಗದದ ಕೊನೆಗೆ ಬಾಯಿಯವರು ತೀರಿಕೊಂಡರೆಂದಿತ್ತು. ಅತ್ತೆಮನೆಯ ದಿಕ್ಕಿನಿಂದ ಯಾರೂ ಬರಲಿಲ್ಲವಂತೆ, ಶಾಲೆಯವರೇ ಮಣ್ಣು ಮಾಡಿದರಂತೆ. ತುಂಬಿದ ಮನೆಯ ಪಡಸಾಲೆಯಲ್ಲಿ, ಮಾವನವರ ಎದುರೇ, ಬಾಯಿ ಬಿಟ್ಟು ಅಳತೊಡಗಿದೆ. ಓಡಿಬಂದ ಗಂಡ, "ಯಾರು ಹೋದ್ರು? ನಿನಗೇನಾಗಬೇಕು?" ಎಂದರು. ಗುರುಗಳು ಎನ್ನಬಹುದಿತ್ತು, ನೆರೆಯವರು ಎನ್ನಬಹುದಿತ್ತು.

"ನನಗ ಬೇಕಾದವ್ರು" ಎಂದೆ. ನಾಗಪುರದ ಆ ಹುಡುಗನ ಪಾಲಿನ ಅಳುವನ್ನೂ ಸೇರಿಸಿ ಅತ್ತೆ.