ನಲವತ್ತೊಂದನೆಯ ರಟ್ಟು

ನಾನು ಏನು ಸಂಶೋಧನೆ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ಮೊದಲು ನನಗೆ ಸಿಟ್ಟು ಬರುತ್ತದೆ. ಹೇಳಲು ಹೊರಟರೆ ಅರ್ಧಕ್ಕೇ ಆಕಳಿಸುತ್ತಾರೆ, ಹೇಳದಿದ್ದರೆ ಸೊಕ್ಕು ಅನ್ನುತ್ತಾರೆ. ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳಿ ಉಳಿದ ಹೊತ್ತಿನಲ್ಲಿ ಹನ್ನೊಂದು ವರ್ಷಗಳಿಂದ ನಾನು ಬೆನ್ನು ಹತ್ತಿರುವುದು ಒಂದೇ ಪ್ರಶ್ನೆಯನ್ನು. ಒಂದು ರಾಶಿ ಷರತ್ತುಗಳಿವೆ. ಎಲ್ಲವೂ ಹೌದು-ಅಲ್ಲಗಳಲ್ಲಿ ಮಾತಾಡುವಂಥವು: ಇದು ಹೌದಾಗಲಿ, ಇಲ್ಲವೇ ಅದು ಅಲ್ಲವಾಗಲಿ. ಅಷ್ಟೂ ಷರತ್ತುಗಳು ಒಟ್ಟಿಗೆ ನಡೆಯುವ ದಾರಿ ಇದೆಯೋ ಇಲ್ಲವೋ? ಕೆಲಸ ಇಷ್ಟೇ.

'ಇದೆ' ಎಂದಾದರೆ ದಾರಿ ತೋರಿಸಿದರೆ ಮುಗಿಯಿತು. ಯಾರು ಬೇಕಾದರೂ ಒಂದೊಂದೇ ಷರತ್ತು ಹಿಡಿದು ತಾಳೆ ನೋಡಬಹುದು. 'ಇಲ್ಲ' ಎಂದಾದರೆ ಏನು ತೋರಿಸುವುದು? ಎಲ್ಲ ದಾರಿಗಳನ್ನೂ ತುಳಿದು ಬಂದೆ ಅನ್ನಬೇಕೇ? ನೂರು ಹೌದು-ಅಲ್ಲಗಳಿದ್ದರೆ ಸಾಕು, ಆ ದಾರಿಗಳನ್ನು ತುಳಿದು ಮುಗಿಸಲು ಭೂಮಿಯ ಆಯುಷ್ಯ ಸಾಲದು. ಪ್ರತಿಯೊಂದು 'ಇಲ್ಲ'ಕ್ಕೂ ಎಲ್ಲೋ ಒಂದು ಚಿಕ್ಕ ಕಾರಣ ಇದ್ದೇ ಇರುತ್ತದೆಯೇ ಎಂಬುದು ಲೋಕದಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷವಾದರೂ ಇದನ್ನು ನೆನೆದರೆ ನನ್ನ ಮೈ ಜುಮ್ಮೆನ್ನುತ್ತದೆ.

ಈ ಪ್ರಶ್ನೆ ಹೋದ ಬೇಸಿಗೆಯಲ್ಲಿ ಬನಹಟ್ಟಿಯ ನಮ್ಮ ಮನೆಗೇ ನಡೆದು ಬಂತು.

ಅವ್ವ ಮದುವೆಯಾಗಿ ಬಂದ ವರ್ಷದಿಂದ ರಟ್ಟು ಹೊಡೆಯುವವಳು, ಎಂದರೆ ಮಗ್ಗದ ರಟ್ಟುಗಳಿಗೆ ತೂತು ಹಾಕುವವಳು. ಮಗ್ಗದ ನೆತ್ತಿಯ ಮೇಲೆ ರಟ್ಟಿನ ಪಟ್ಟಿಗಳ ಒಂದು ಸರ ತಿರುಗುತ್ತಿರುತ್ತದೆ. ಲಾಳಿ ಒಮ್ಮೆ ಓಡಿದರೆ ಒಂದು ರಟ್ಟು. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಸೀರೆಯ ದಡಿಯ ಹೂವೆಲ್ಲ ಹುಟ್ಟುವುದು ಆ ತೂತುಗಳಿಂದ. ಅವ್ವ ಹೊಡೆದ ರಟ್ಟು ಎಂದರೆ ರಬಕವಿ, ಬನಹಟ್ಟಿಯಲ್ಲಿ ಯಾರೂ ತಿರುಗಿ ಪರೀಕ್ಷಿಸುತ್ತಿರಲಿಲ್ಲ. ಆದರೆ ಈಚೆಗೆ ಅವಳ ಕಣ್ಣು ಮಂಜಾಗಿದ್ದವು. ಮುಧೋಳದ ಡಾಕ್ಟರು ಬಲಗಣ್ಣಿನ ಆಸೆ ಬಿಡಿ ಎಂದಿದ್ದರು. ಈ ಸುದ್ದಿ ಓಣಿಯಲ್ಲಿ ಹಬ್ಬಿದ್ದು ಅವಳಿಗೂ ಗೊತ್ತಿತ್ತು.

ಒಂದು ಭಾನುವಾರ ರಬಕವಿಯ ಸಾವಕಾರರು ಬಂದರು. ಅವಳಿಗೆ ಹೆಚ್ಚಿನ ಕೆಲಸ ಕೊಡುತ್ತಿದ್ದದ್ದು ಅವರ ಮನೆಯೇ. ಬೀಳಗಿಯ ಅಂಗಡಿಯವರು ಮೈತುಂಬ ಚೌಕದ ಗೆರೆಗಳಿರುವ ಚೌಕಳಿ ಸೀರೆ ಕೇಳಿದ್ದರು. ಅದರ ಒಂದು ಚೌಕಳಿ ಮುಗಿಯುವುದು ಲಾಳಿಯ ನಲವತ್ತೊಂದು ಓಟಕ್ಕೆ. ಚೌಕಳಿಗೊಂದು ಹೂವು ಕೂಡಬೇಕಾದ್ದರಿಂದ, ಅವ್ವನ ಹಳೆಯ ನಲವತ್ತು ರಟ್ಟಿನ ದಡಿಗೆ ಒಂದು ರಟ್ಟು ಸೇರಿಸಬೇಕೆಂದು ವಾರದ ಹಿಂದೆಯೇ ಹೇಳಿ ಹೋಗಿದ್ದರು.

"ಆಗೂದಿಲ್ರಿ ಸಾವಕಾರ್ರ. ಎಣಿಕಿ ಕೂಡೂದಿಲ್ಲ" ಅಂದಳು ಅವ್ವ.

"ಒಂದ ರಟ್ಟ ಹೆಚ್ಚ ಮಾಡೂದಷ್ಟ ಐತ್ರಿ ಅಕ್ಕಾರ."

"ಅದ ಆಗೂದಿಲ್ರಿ."

ಸಾವಕಾರರು ಚಹಾದ ಬಟ್ಟಲು ಕೆಳಗಿಟ್ಟರು. ಬಹಳ ಮೆತ್ತಗಿನ ದನಿಯಲ್ಲಿ, "ಕಣ್ಣಿಗೆ ತ್ರಾಸ ಆಗತಿದ್ರ ಹೇಳಿಬಿಡ್ರಿ. ಬ್ಯಾರೆದವ್ರ ಕಡೆ ಮಾಡಸ್ತೀನಿ" ಅಂದರು. ಆ ಮನೆಯ ಕೆಲಸ ಒಮ್ಮೆ ಬೇರೆಯವರ ಕೈಗೆ ಹೋದರೆ ಉಳಿದವರೂ ಬರುವುದನ್ನು ನಿಲ್ಲಿಸುತ್ತಾರೆ. ಯಾವ ಎಣಿಕೆ ಕೂಡುವುದಿಲ್ಲ ಎಂದು ಸಾವಕಾರರು ಕೇಳಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ನನಗೆ ಹೊಳೆದದ್ದು ಬೇರೆ. ಇದು ನನ್ನದೇ ಪ್ರಶ್ನೆ. ತೂತು ಅಂದರೆ ಹೌದು, ಖಾಲಿ ಅಂದರೆ ಅಲ್ಲ. ದಡಿಯ ಹೂವಿಗೆ ಹದಿನೈದು ಎಳೆ, ರಟ್ಟು ನಲವತ್ತೊಂದು. ಷರತ್ತು ಎರಡು. ಪ್ರತಿ ರಟ್ಟಿನಲ್ಲೂ ಏಳೇ ತೂತು ಇರಬೇಕು, ಇಲ್ಲದಿದ್ದರೆ ಬಿಗಿ ತಪ್ಪಿ ದಡಿ ಸುಕ್ಕಾಗುತ್ತದೆ. ಎದ್ದ ಎಳೆ ಎರಡು ಓಟ ಮೇಲಿದ್ದು ಇಳಿಯಬೇಕು. ಒಂದೇ ಓಟಕ್ಕೆ ಇಳಿದರೆ ಹೂವು ಸೊರಗುತ್ತದೆ, ಮೂರಾದರೆ ಎಳೆ ಜೋತು ಬಿದ್ದು ಬಳೆಗೆ ಸಿಕ್ಕಿ ಹರಿಯುತ್ತದೆ. ಇಂಥ ಷರತ್ತುಗಳನ್ನು ಬಿಡಿಸುವ ಪ್ರೋಗ್ರಾಮು ನನ್ನ ಲ್ಯಾಪ್‌ಟಾಪಿನಲ್ಲಿತ್ತು, ಅದರಲ್ಲಿ ಒಂದಿಷ್ಟು ಭಾಗ ನಾನೇ ಬರೆದದ್ದು.

"ಅರ್ಧ ತಾಸ ಕೂಡ್ರಿ ಸಾವಕಾರ್ರ" ಅಂದೆ. ಅವ್ವನ ಮಾನ ಉಳಿಸಲು ಹೊರಟ ಮಗಳು ಎಂಬ ಜಂಬ ನನಗೆ. ಷರತ್ತುಗಳನ್ನು ತುಂಬಿ ಓಡಿಸಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಬಂತು: ಇದೆ. ನಲವತ್ತೊಂದು ಸಾಲುಗಳೂ ಪರದೆಯ ಮೇಲೆ ನಿಂತವು. ಸಾವಕಾರರ ಮುಖ ಅರಳಿತು. ಮುಂದಿನ ಭಾನುವಾರ ರಟ್ಟು ಒಯ್ಯುತ್ತೇನೆ ಎಂದು ಎದ್ದರು. ಅವ್ವ ಆ ಪರದೆಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, "ನೀ ಹೇಳತಿ ಅಂದ್ರ ಹೊಡೀತೀನಿ ತಂಗಿ" ಅಂದಳು. ಅವಳ ಕಣ್ಣು ನಿಜವಾಗಿಯೂ ಹೋದವು ಎಂದು ನಾನು ಆ ಹೊತ್ತು ಮನಸ್ಸಿನಲ್ಲಿ ಒಪ್ಪಿಕೊಂಡೆ. ಹಾಗೆ ಒಪ್ಪಿಕೊಂಡದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾಲ್ಕು ದಿನ ಹೊಡೆದಳು. ನಾನು ಜಮಖಂಡಿಯಿಂದ ಬಸ್ಸಿಳಿದು ಬರುವ ಹೊತ್ತಿಗೆ ದಿನಾ ಅದೇ ಟಕ್ ಟಕ್ ಸದ್ದು. ಗುರುವಾರ ಸಂಜೆ ರಟ್ಟುಗಳನ್ನು ದಾರದಿಂದ ಸರವಾಗಿ ಹೆಣೆದು ಮುಗಿಸಿ ನನ್ನನ್ನು ಕರೆದಳು. ನನ್ನ ತೋರುಬೆರಳು ಹಿಡಿದು ಕೊನೆಯ ರಟ್ಟಿನ ತೂತುಗಳ ಮೇಲೆ ಆಡಿಸಿದಳು. ಏಳು. ಏಳೂ ಆ ರಟ್ಟಿನಲ್ಲೇ ಹೊಸದಾಗಿ ಎದ್ದ ಎಳೆಗಳವು. ಅಲ್ಲಿಂದ ಗಂಟು ದಾಟಿಸಿ ಪಕ್ಕದ ರಟ್ಟಿಗೆ ಒಯ್ದಳು. ಆ ಏಳೂ ಜಾಗ ಖಾಲಿ ಇದ್ದವು.

"ಇವು ಒಂದ ಓಟಕ್ಕ ಇಳದ್ವಲ್ಲ ಬೇ" ಅಂದಳು.

ಪಕ್ಕದ ರಟ್ಟು ಮೊದಲನೆಯ ರಟ್ಟು. ಸರ ಎಂದ ಮೇಲೆ ಅದು ಸುತ್ತಿ ಬರುತ್ತದೆ. ನಲವತ್ತೊಂದರ ಮುಂದೆ ಮತ್ತೆ ಒಂದು. ರಟ್ಟಿನ ಸರ ತಿರುಗುವುದನ್ನು ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ನೋಡಿದವಳು ನಾನು. ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮುಗಿಯುವ ಪಟ್ಟಿ ಎಂದು ಪ್ರೋಗ್ರಾಮಿಗೆ ಬರೆದು ಕೊಟ್ಟಿದ್ದೆ. ಹೊರಗಿನವರು ಯಾರಾದರೂ ಆಗಿದ್ದರೆ ಕೇಳಿ ತಿಳಿದುಕೊಂಡಿರುತ್ತಿದ್ದರು. ಮನೆಯವಳು ಎಂಬ ಧೈರ್ಯದಲ್ಲಿ ನಾನು ಕೇಳಲಿಲ್ಲ.

ಶುಕ್ರವಾರ ಮುಂಜಾನೆ ಕೊನೆಯ ರಟ್ಟನ್ನು ಮೊದಲನೆಯದಕ್ಕೆ ಕಟ್ಟುವ ಷರತ್ತು ಸೇರಿಸಿ ಮತ್ತೆ ಓಡಿಸಿದೆ. ಕಾಲೇಜಿಗೆ ಹೋಗಿ ಬಂದೆ. ಉತ್ತರವಿಲ್ಲ. ಶನಿವಾರ ಮಧ್ಯಾಹ್ನವಾದರೂ ಯಂತ್ರ ಬುಸುಗುಡುತ್ತಲೇ ಇತ್ತು, ಮುಟ್ಟಿದರೆ ರೊಟ್ಟಿ ಬೇಯಿಸುವಷ್ಟು ಬಿಸಿ. ಮರುದಿನ ಸಾವಕಾರರು ಬಂದಾಗ ನನ್ನ ತಪ್ಪನ್ನೇನೋ ಹೇಳಬಹುದು. ಆದರೆ ಅವ್ವನ ಮಾತು ಖರೆ ಎಂದು ಯಾವ ಆಧಾರದ ಮೇಲೆ ಹೇಳಲಿ? ಈ ಒಂದು ನಮೂನೆ ತಪ್ಪಿದರೆ ಇನ್ನೊಂದು ಸರಿಯಿದ್ದೀತು ಎಂದು ಅವರು ಅನ್ನುವುದು ಖಂಡಿತ.

ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. "ಏನ ಹುಡುಕಾಕತ್ತೇತಿ ಅದು?" ಎಂದು ಕೇಳಿದಳು.

"ನೀ ಆಗೂದಿಲ್ಲ ಅಂದೆಲ್ಲ ಯವ್ವಾ, ಅದು ಖರೆನೋ ಸುಳ್ಳೋ ನೋಡಾಕತ್ತೇತಿ."

"ಅದಕ್ಕ ಎಣಸಾಕ ಬರೂದಿಲ್ಲೇನು?"

ಮೊರ ಕೆಳಗಿಟ್ಟು ಹೇಳಿದಳು. "ಒಂದ ರಟ್ಟಿಗೆ ಏಳ ತೂತ. ನಲವತ್ತೊಂದಕ್ಕ ಎಷ್ಟಾದ್ವು?"

"ಇನ್ನೂರ ಎಂಬತ್ತೇಳು."

"ಎರಡೆರಡ ಜೋಡಿ ಹಾಕು. ಒಂದ ಒಂಟಿ ಉಳೀತೈತಿ ಹೌದಲ್ಲೊ? ಈಗ ರಟ್ಟ ಬಿಡು, ಎಳಿ ಹಿಡದ ಎಣಸು. ಒಂದ ಎಳಿ ಒಮ್ಮೆ ಎದ್ರ ಎರಡ ತೂತ. ಹತ್ತ ಸಲ ಎದ್ರ ಇಪ್ಪತ್ತ. ಯಾವ ಎಳಿ ಎಷ್ಟ ಸಲ ಎದ್ರೂ ಎಲ್ಲಾ ಜೋಡಿನ. ಒಂಟಿ ಎಲ್ಲಿಂದ ಬರಬೇಕು? ತೂತ ಅಂತೂ ಅವಽ ಅದಾವ. ಅಡ್ಡ ಎಣಿಸಿದ್ರ ಒಂದ ಉಳೀತೈತಿ, ಉದ್ದ ಎಣಿಸಿದ್ರ ಉಳಿಯೂದಿಲ್ಲ."

ನನ್ನ ಪ್ರೋಗ್ರಾಮಿಗೆ ಎಣಿಸಲು ಬರುವುದಿಲ್ಲ ಎಂಬುದು ನಿಜವಾದ ಮಾತು. ಅದು ಒಂದು ತೂತು ಹಾಕಿ ನೋಡುತ್ತದೆ, ಎಲ್ಲೋ ತಪ್ಪಿದರೆ ಯಾಕೆ ತಪ್ಪಿತೆಂದು ಗುರುತಿಟ್ಟುಕೊಂಡು ಹಿಂದೆ ಬರುತ್ತದೆ, ಮತ್ತೊಂದು ಹಾಕುತ್ತದೆ. ಎಣಿಸಿದರೆ ಒಂದೇ ಮಾತಿಗೆ ಮುಗಿಯುವ ಕಡೆ ಅಂಥ ಪ್ರೋಗ್ರಾಮುಗಳು ಮುಳುಗಿ ಹೋಗುತ್ತವೆ ಎಂಬುದು ನಮ್ಮ ಶಾಸ್ತ್ರದಲ್ಲಿ ಎಲ್ಲರಿಗೂ ಗೊತ್ತು. ನಾನೇ ಹಲಗೆಯ ಮೇಲೆ ಬರೆದು ಪಾಠ ಹೇಳಿದ್ದೇನೆ. ಆದರೂ ಅದು ಪುಸ್ತಕದ ಮಾತಾಗಿತ್ತು. ಈಗ ಒಂದು ಕಡೆ ಎರಡು ದಿನದಿಂದ ಏದುಸಿರು ಬಿಡುತ್ತಿರುವ ಯಂತ್ರ, ಇನ್ನೊಂದು ಕಡೆ ಮೊರದ ಮುಂದೆ ಕೂತು ಆರುನೂರಕ್ಕೂ ಹೆಚ್ಚು ಹೌದು-ಅಲ್ಲಗಳ 'ಇಲ್ಲ'ಕ್ಕೆ ನಾಲ್ಕು ಮಾತಿನ ಕಾರಣ ಕೊಟ್ಟ ನನ್ನ ಅವ್ವ. ನಾನು ಹನ್ನೊಂದು ವರ್ಷ ದೂರದಿಂದ ಕೈ ಮುಗಿಯುತ್ತಿದ್ದ ವಸ್ತು ನಮ್ಮ ಪಡಸಾಲೆಯಲ್ಲಿತ್ತು. ನನಗೆ ಅಳು ಬಂತು, ಸುಮ್ಮನೆ ಎದ್ದು ನೀರು ಕುಡಿದು ಬಂದೆ.

ಭಾನುವಾರ ಸಾವಕಾರರು ಬಂದರು. ಮೊದಲು ನಾನು ನನ್ನ ತಪ್ಪು ಹೇಳಿದೆ. ಅವರು ಹುಬ್ಬು ಗಂಟಿಕ್ಕಿ, "ಅಂದ್ರ ಇನ್ನೊಂದ ನಮೂನಿ ಹುಡುಕ್ರಲ್ಲ" ಅಂದರು. ಆಗ ಅವ್ವ ಅದೇ ನಾಲ್ಕು ಮಾತು ಹೇಳಿದಳು. ಅವರು ಬೆರಳು ಮಡಿಸಿ ಅಡ್ಡ ಎಣಿಸಿದರು, ಉದ್ದ ಎಣಿಸಿದರು. "ಯಾ ನಮೂನಿ ಹೊಡದ್ರೂ ಹಿಂಗಽ ಅಲ್ರಿ?" ಎಂದು ಕೇಳಿದರು. ಅವ್ವ ಹೂಂಗುಟ್ಟಿದಳು. ಸಾವಕಾರರು ಅಲ್ಲೇ ಕೂತು ಬೀಳಗಿಗೆ ಫೋನು ಹಚ್ಚಿ, ಚೌಕಳಿಯನ್ನೇ ನಲವತ್ತಕ್ಕೆ ಇಳಿಸೋಣ ಎಂದು ಒಪ್ಪಿಸಿದರು. ಹೋಗುವಾಗ, "ದೀಪಾವಳಿ ಮಾಲಿನ ರಟ್ಟೂ ನೀವಽ ಹೊಡೀಬೇಕ್ರಿ ಅಕ್ಕಾರ" ಎಂದು ಹೇಳಿ ಚಪ್ಪಲಿ ಮೆಟ್ಟಿದರು.

ಅವರು ಹೋದ ಮೇಲೆ ನಾನು ಲ್ಯಾಪ್‌ಟಾಪು ನಿಲ್ಲಿಸಿದೆ. ಅದು ಕೊನೆಗೂ ಏನೂ ಹೇಳಲಿಲ್ಲ. ಅವ್ವ ನನ್ನ ಮಾತಿನ ಮೇಲೆ ಹೊಡೆದ ನಲವತ್ತೊಂದು ರಟ್ಟುಗಳ ದಾರ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಗಂಟು ಬಿಚ್ಚತೊಡಗಿದೆ.

"ಯವ್ವಾ, ನಿನ್ನ ಕಣ್ಣ ಹೋಗ್ಯಾವ, ಅದಕ್ಕ ಹಂಗಂತಿ ಅಂತ ನಾನೂ ತಿಳಕೊಂಡಿದ್ದೆ."

ಅವಳ ಕೈ ನಿಲ್ಲಲಿಲ್ಲ. ಗಂಟನ್ನು ಬೆರಳಿನಿಂದಲೇ ತಡವಿ ಹುಡುಕಿ ಬಿಚ್ಚಿದಳು.

"ಹೋಗ್ಯಾವಲ್ಲ ಮತ್ತ" ಅಂದಳು. "ಕಣ್ಣಿದ್ರ ನಾನೂ ಒಂದೊಂದ ತೂತ ಹಾಕಿ ನೋಡಕೋತ ಕೂಡ್ತಿದ್ದೆ. ಕಾಣಲಿಲ್ಲ, ಅದಕ್ಕ ಎಣಿಸಿದೆ."