ಅಮ್ಮನ ಒಲೆಗೆ ಹೊಸ ಜೆಟ್ಟು

ಕೋಲಾರದ ಬಾಡಿಗೆ ಮನೆಯಲ್ಲಿ ಪೈಪ್ ಗ್ಯಾಸ್ ಇತ್ತು. ನನಗೆ ಮುಳಬಾಗಿಲಿಗೆ ವರ್ಗವಾದಾಗ ಅಮ್ಮನ ಜೊತೆಗೆ ಅಲ್ಲಿನ ಒಲೆಯೂ ಬಂತು. ನಮ್ಮ ಬೀದಿಗೆ ಪೈಪ್ ಇನ್ನೂ ಬಂದಿಲ್ಲ, ಸಿಲಿಂಡರೇ ಗತಿ. ಗ್ಯಾಸ್ ಅಂದಮೇಲೆ ಗ್ಯಾಸು, ಅದರಲ್ಲೆಂಥ ಜಾತಿ ಅಂದುಕೊಂಡು ನಾನೇ ಟ್ಯೂಬ್ ಸಿಕ್ಕಿಸಿ ಹಚ್ಚಿದೆ. ಹಳದಿ ಉರಿ ಭುಗ್ಗೆಂದು ಎದ್ದು ಹಾಲಿನ ಪಾತ್ರೆಯ ತಳವೆಲ್ಲ ಮಸಿಯಾಯಿತು.

ಹೊಸ ಒಲೆ ತರೋಣವೆಂದರೆ ಅಮ್ಮ ಒಪ್ಪಲಿಲ್ಲ. "ಇದು ನನ್ನ ಕೈಗೆ ಪಳಗೈತೆ ಕಣೇ. ರಿಪೇರಿಯವನನ್ನ ಕರಿ," ಎಂದಳು. ಅಪ್ಪ ಹೋದಮೇಲೆ ಅವಳಿಗೆ ಉಳಿದಿದ್ದ ಯಜಮಾನಿಕೆ ಅಡುಗೆಮನೆಯದೊಂದೇ. ಅದಕ್ಕೆ ನಾನು ಕೈ ಹಾಕುತ್ತಿರಲಿಲ್ಲ, ನನಗೆ ಸೋಮಾರಿತನವೂ ಇತ್ತು ಅನ್ನಿ.

ಬಜಾರಿನಿಂದ ಬಂದ ಸಾಬರು ಒಲೆ ಬಿಚ್ಚಿ ನೋಡಿ, "ಪೈಪ್ ಗ್ಯಾಸಿಗೆ ಜೆಟ್ಟಿನ ತೂತು ದೊಡ್ಡದು ಮಾಡಿರ್ತಾರೆ ಮೇಡಂ. ಸಿಲಿಂಡರಿಗೆ ಸಣ್ಣದು ಹಾಕ್ಬೇಕು," ಎಂದರು. ಹಿತ್ತಾಳೆಯ ಪುಟ್ಟ ಜೆಟ್ಟುಗಳನ್ನು ಕೂರಿಸಿ, ಹೊಸ ಟ್ಯೂಬ್ ಹಾಕಿ ರೆಗ್ಯುಲೇಟರ್ ತಿರುಗಿಸಿದರು. ಟ್ಯೂಬಿನ ಬಿಗಿ ಸಾಲದೆ ಗ್ಯಾಸ್ ಸೋರಿತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯಲು ಓಡಿದೆ. ಸಿಲಿಂಡರಿನ ಪಕ್ಕದಲ್ಲೇ ಕೂತಿದ್ದ ಅಮ್ಮ ತಲೆಯೆತ್ತದೆ ಅವರೆಕಾಯಿ ಸುಲಿಯುತ್ತಲೇ ಇದ್ದಳು.

"ಏನಮ್ಮಾ, ವಾಸನೆ ಬರ್ತಾ ಇಲ್ವಾ?" ಸಾಬರು ಕೇಳಿದರು.

ಅಮ್ಮ ನನ್ನ ಮುಖ ನೋಡಿದಳು. ಮೂಗಿನ ಮೇಲಿದ್ದ ಸೆರಗನ್ನೂ ನೋಡಿದಳು. "ಬರ್ತಾ ಐತಲ್ಲಾ," ಎಂದಳು.

ಸಾಬರು ಗ್ಯಾಸ್ ಬಂದ್ ಮಾಡಿ ಟ್ಯೂಬ್ ಬಿಗಿದರು. ಮನೆಗೆ ಗಾಳಿಯಾಡಿದ ಮೇಲೆ ಮತ್ತೆ ತಿರುಗಿಸಿ ಸೋಪಿನ ನೊರೆ ಹಚ್ಚಿದರು. ಒಂದು ಗುಳ್ಳೆಯೂ ಏಳಲಿಲ್ಲ. "ಈಗ ಹೆಂಗಮ್ಮಾ?"

ಅಮ್ಮ ಮೂಗೆಳೆದುಕೊಂಡು, "ಇನ್ನೂ ಒಂಚೂರು ಬರ್ತಾನೇ ಐತೆ," ಎಂದಳು.

ಸಾಬರು ನನ್ನ ಕಡೆ ನೋಡಿ ಸಾಮಾನು ಕಟ್ಟಿಕೊಂಡರು. ನಾನು ಸೆರಗು ಸರಿಸಿ ಉಸಿರೆಳೆದೆ, ಯಾವ ವಾಸನೆಯೂ ಇರಲಿಲ್ಲ.

ನಮ್ಮಲ್ಲಿ ಹಬ್ಬದ ಅಡುಗೆಯನ್ನು ನೈವೇದ್ಯಕ್ಕೆ ಮುಂಚೆ ಯಾರೂ ರುಚಿ ನೋಡುವುದಿಲ್ಲ, ಎಂಜಲಾಗುತ್ತದೆ. ಅಮ್ಮ ಕುದಿಯುವ ಸಾರಿನ ಹಬೆಗೆ ಮುಖ ಒಡ್ಡಿ ವಾಸನೆಯಲ್ಲೇ ಉಪ್ಪು ಹೇಳುತ್ತಿದ್ದಳು. ಈ ಸಲದ ಗಣೇಶನ ಹಬ್ಬಕ್ಕೆ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಉಪ್ಪಿನ ಪೊಟ್ಟಣವೇ ಸರಿಯಿಲ್ಲವೆಂದು ಅವಳು ಅಂದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಕಿಚಾಯಿಸಿದ್ದೆ. ಅವಳೂ ನಕ್ಕಿದ್ದಳು.

ಸಾಬರು ಹೋದಮೇಲೆ, "ಯಾವಾಗಿಂದಮ್ಮಾ?" ಎಂದೆ.

"ಆ ಕೊರೋನ ಜ್ವರ ಬಂದು ಹೋಯ್ತಲ್ಲ, ಆವಾಗಿಂದ."

"ಹೇಳೋದಲ್ವಾ?"

"ಹೇಳಿದ್ರೆ ಒಲೆ ಹತ್ರ ಬಿಡ್ತಿದ್ಯಾ?"

ಮರುದಿನದಿಂದ ಆಫೀಸಿಗೆ ಹೊರಡುವಾಗ ರೆಗ್ಯುಲೇಟರನ್ನೇ ಕಳಚಿ ಬೀರುವಿನಲ್ಲಿಟ್ಟು ಬೀಗ ಹಾಕತೊಡಗಿದೆ. ಅವಳ ಕಾಫಿ ಫ್ಲಾಸ್ಕಿನಲ್ಲಿ, ಊಟ ಡಬ್ಬಿಯಲ್ಲಿ. ಸಾಯಂಕಾಲ ಬಂದು ನೋಡಿದರೆ ಅರ್ಧ ಹಾಗೆಯೇ ಇರುತ್ತಿತ್ತು. ಜೆಟ್ಟು ಬದಲಾದ ಒಲೆ ಮಾತ್ರ ನೀಲಿಯಾಗಿ ಚೆನ್ನಾಗಿ ಉರಿಯುತ್ತದೆ. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಂದು ಭಾನುವಾರ ನಾನು ಮನೆಯಲ್ಲೇ ಇದ್ದೆ. ಅಮ್ಮ ಲೈಟರ್ ಹಿಡಿದು ನಡುಮನೆಯ ಬಾಗಿಲಿಗೆ ಬಂದು ನಿಂತಳು.

"ಒಲೆ ಹಚ್ಚಲೇನೇ?"

ನನ್ನಮ್ಮ ಒಲೆ ಹಚ್ಚಲು ಯಾರನ್ನಾದರೂ ಕೇಳಿದ್ದು ಅದೇ ಮೊದಲು. "ಹಚ್ಚಮ್ಮಾ, ಅದಕ್ಕೇನು ಕೇಳ್ತೀಯ," ಎಂದೆ. ಎಂದವಳು ಕೂತಿರಬಹುದಿತ್ತು. ಎದ್ದು ಅವಳ ಹಿಂದೆಯೇ ಹೋಗಿ ಅಡುಗೆಮನೆಯಲ್ಲಿ ನಿಂತುಕೊಂಡೆ.

ಅಮ್ಮ ತಿರುಗಿ ನೋಡಿದಳು. ಬೇಜಾರು ಹೆಚ್ಚಾದರೆ ಅವಳಿಗೆ ತೆಲುಗೇ ಬರುವುದು. "ಪೋನೀಲೇ," ಹೋಗಲಿ ಬಿಡು ಎಂದು ಲೈಟರನ್ನು ನನ್ನ ಕೈಗಿಟ್ಟು ಹೊರಗೆ ಹೋದಳು.